ರಿಮ್ಮಿನ ಮುಖಕ್ಕಲ್ಲ, ಬೆನ್ನಿಗೆ ಖರ್ಚು ಮಾಡಿ

ಹಳೆಯ ಕಾರಿನ ರಿಮ್ಮಿಗೆ ಮನೆಯಲ್ಲೇ ಬಣ್ಣ ಹೊಡೆಯಲು ಹೊರಟವರು ದುಡ್ಡು ಸುರಿಯುವುದು ಸಾಮಾನ್ಯವಾಗಿ ಹೊರಗೆ ಕಾಣುವ ಮುಖಕ್ಕೆ. ಎರಡು ಡಬ್ಬಿ ಸಿಲ್ವರ್ ಸ್ಪ್ರೇ, ಒಂದು ಕ್ಲಿಯರ್, ಅದರ ಮೇಲೆ ಹೊಸ ವೀಲ್ ಕಪ್. ನನ್ನ ವಾದ ಇದಕ್ಕೆ ಉಲ್ಟಾ. ಕೈ ಬಿಗಿ ಇದ್ದಷ್ಟೂ ಹಣ, ಶ್ರಮ ಎರಡೂ ಹೋಗಬೇಕಾದ್ದು ರಿಮ್ಮಿನ ಬೆನ್ನಿಗೆ, ಅಂದರೆ ಬ್ರೇಕಿನ ಕಡೆ ತಿರುಗಿ ಕೂತ ಮಗ್ಗುಲಿಗೆ. ಮುಖಕ್ಕೆ ತುಕ್ಕು ಹಿಡಿದರೆ ನೋಡಿದವರು ಮೂಗು ಮುರಿದಾರು, ಅಷ್ಟೇ. ರಿಮ್ಮು ಸಾಯುವುದು ಬೆನ್ನಿನಿಂದ.

ಕಾರಣ ಅದರ ಕಟ್ಟೋಣದಲ್ಲೇ ಇದೆ. ಬೆಂಗಳೂರಿನ ಗೋವಿಂದರಾಜನಗರದಂಥ ಬಡಾವಣೆಯ ಅಡ್ಡರಸ್ತೆಗಳಲ್ಲಿ ಗೇಟಿನ ಹೊರಗೆ ಬಿಸಿಲು ಮಳೆ ತಿನ್ನುತ್ತ ನಿಲ್ಲುವ ಮಾರುತಿ 800ನ್ನೇ ನೋಡಿ. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಆ ಕಾರಿನದು 12 ಇಂಚಿನ ಉಕ್ಕಿನ ಚಕ್ರ. ಉಕ್ಕಿನ ಚಕ್ರ ಒಂದೇ ತುಂಡಲ್ಲ. ಟೈರ್ ಹಿಡಿಯುವ ಬಳೆಯೊಳಗೆ ನಟ್ಟು ಕೂರುವ ತಟ್ಟೆಯನ್ನು ಒತ್ತಿ ಸೇರಿಸಿ, ಅಲ್ಲಲ್ಲಿ ವೆಲ್ಡಿಂಗ್ ಮಾಡಿರುತ್ತಾರೆ. ಒಂದು ವೆಲ್ಡಿಗೂ ಇನ್ನೊಂದಕ್ಕೂ ನಡುವಿನ ಸಂದಿನಲ್ಲಿ ಕೆಸರು, ಬ್ರೇಕಿನ ಪುಡಿ, ನೀರು ಕೂತರೆ ವಾರಗಟ್ಟಲೆ ಆರುವುದಿಲ್ಲ. ಬೆಂಗಳೂರಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಓಡದೆ ನಿಂತ ಕಾರಿಗೆ ಆ ಎರಡು ತಿಂಗಳೇ ಸಾಕು. ಅಲ್ಲಿ ಹುಟ್ಟಿದ ತುಕ್ಕು ಬಣ್ಣದ ಅಡಿಯಲ್ಲೇ ಹರಿದು ಬಳೆಯ ಅಂಚು ತಲುಪುತ್ತದೆ. ಟ್ಯೂಬ್‌ಲೆಸ್ ಟೈರ್ ಕೂರುವ ಜಾಗ ಒರಟಾದರೆ ಗಾಳಿ ಸದ್ದಿಲ್ಲದೆ ಇಳಿಯುತ್ತದೆ. ಪಂಚರ್ ಅಂಗಡಿಯವರು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದರೆ ಗುಳ್ಳೆ ಏಳುವುದು ಟೈರಿನಿಂದಲ್ಲ, ಅಂಚಿನಿಂದ. ಮುಖಕ್ಕೆ ಎಷ್ಟು ಸಿಲ್ವರ್ ಬಳಿದರೂ ಆ ಗುಳ್ಳೆ ನಿಲ್ಲದು.

ಬೆನ್ನಿನ ಕೆಲಸ ಅಗ್ಗವೂ ಹೌದು. ಸ್ಟೆಪ್ನಿ ಸೇರಿ ಐದೂ ಚಕ್ರಗಳ ಬೆನ್ನು ಕೂಡಿಸಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರು. 200 ಮಿ.ಲೀ. ರೆಡ್ ಆಕ್ಸೈಡ್, ಅಷ್ಟೇ ಕರಿ ಎನಾಮೆಲ್, ಒಂದು ಇಂಚಿನ ಬ್ರಷ್ಷು, ತಂತಿ ಬ್ರಷ್ಷು, 80 ಮತ್ತು 220ನೇ ನಂಬರಿನ ಎಮರಿ ಕಾಗದ ಇದ್ದರೆ ಆಯಿತು. ಸ್ಪ್ರೇಗಿಂತ ಬ್ರಷ್ಷು ಮೇಲು ಎನ್ನಲು ಊರಿನದೇ ಕಾರಣವಿದೆ. 30×40 ಸೈಟಿನ ಮನೆಯಲ್ಲಿ ಅಂಗಳವೆಂಬುದಿಲ್ಲ, ಸ್ಪ್ರೇ ಹಿಡಿದರೆ ಅರ್ಧ ಗಾಳಿಗೆ, ಉಳಿದದ್ದು ಪಕ್ಕದವರ ಸ್ಕೂಟರಿಗೆ. ಬ್ರಷ್ಷಿನ ಬಣ್ಣ ಪೋಲಾಗದು, ವೆಲ್ಡಿನ ಸಂದಿಗೂ ನುಗ್ಗುತ್ತದೆ. ಆದರೆ ಒಂದು ಕ್ರಮ ತಪ್ಪಬಾರದು: ಎನಾಮೆಲ್ ಅಥವಾ ರೆಡ್ ಆಕ್ಸೈಡ್ ಮೇಲೆ ಡಬ್ಬಿ ಸ್ಪ್ರೇ ಬಿದ್ದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿ ಸುಕ್ಕುಗಟ್ಟಿಸುತ್ತದೆ. ಮುಖಕ್ಕೆ ಸ್ಪ್ರೇ ಬೇಕೇ ಬೇಕೆಂದರೆ ಸ್ಪ್ರೇ ಪ್ರೈಮರಿನಿಂದಲೇ ಶುರು ಮಾಡಿ ಮೊದಲೇ ಮುಗಿಸಿ, ಬೆನ್ನಿನ ಬ್ರಷ್ ಕೆಲಸ ಆಮೇಲೆ. ತುಕ್ಕಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವ ಉಪಾಯ ಚಾಲ್ತಿಯಲ್ಲಿದೆ. ಅದೇ ಸಂದಿನಲ್ಲಿ ಆಸಿಡ್ ಉಳಿದು ಒಳಗಿನಿಂದ ತಿನ್ನತೊಡಗಿದರೆ ಉಜ್ಜಲು ಕೈ ಹೋಗದು. ಒಣ ಉಜ್ಜುವಿಕೆಯೇ ಲೇಸು, ಮೂಗಿಗೆ ಮಾಸ್ಕ್ ಇರಲಿ.

ಹತ್ತಿರದ ಕಾಮಾಕ್ಷಿಪಾಳ್ಯದಲ್ಲೋ ಪೀಣ್ಯದಲ್ಲೋ ಪೌಡರ್ ಕೋಟಿಂಗ್ ಮಾಡಿಸಿದರೆ ಮುಗಿಯಿತಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಹೊಸ ಉಕ್ಕಿನ ಮೇಲೆ ಅದಕ್ಕೆ ಸಾಟಿ ಕಡಿಮೆ. ಆದರೆ ತುಕ್ಕು ಪೂರ್ತಿ ಹೋಗದ ಹಳೆಯ ರಿಮ್ಮಿನ ಮೇಲೆ ಆ 60ರಿಂದ 100 ಮೈಕ್ರಾನ್ ದಪ್ಪದ ಪದರ ರೋಗ ಮುಚ್ಚುವ ಹೊದಿಕೆ. ಒಮ್ಮೆ ಕಲ್ಲು ತಾಗಿ ಚಕ್ಕೆ ಎದ್ದರೆ ನೀರು ಅಡಿಯಲ್ಲಿ ಹರಡಿ ಹಾಳೆಯಾಗಿ ಕಿತ್ತು ಬರುತ್ತದೆ. ಎನಾಮೆಲ್ ಹಾಳಾದರೆ ಭಾನುವಾರ ಹತ್ತು ನಿಮಿಷ ತೇಪೆ ಹಚ್ಚಬಹುದು. ಗುಜರಿಯಲ್ಲಿ ಇನ್ನೊಂದು ರಿಮ್ಮು ಅಗ್ಗಕ್ಕೆ ಸಿಗುತ್ತದಲ್ಲ ಎನ್ನುವವರಿಗೆ ಹೇಳಬೇಕಾದ್ದು, ಅದು ಎಷ್ಟು ಗುಂಡಿಗೆ ಬಿದ್ದಿದೆಯೋ ಯಾರೂ ಬರೆದಿಟ್ಟಿಲ್ಲ. ನಿಮ್ಮದರ ಚರಿತ್ರೆ ನಿಮಗೆ ಗೊತ್ತು. ಅಲಾಯ್ ಚಕ್ರದ ಮಾತು ಬೇರೆಯೇ. ಅದರಲ್ಲಿರುವುದು ಅಲ್ಯೂಮಿನಿಯಂ, ಕಾಸ್ಟಿಕ್ ಸೋಡಾ ಹಾಕಿದರೆ ಲೋಹವೇ ಕರಗುತ್ತದೆ. ಉಕ್ಕು ಗುಂಡಿಗೆ ಬಗ್ಗುವ ಕಡೆ ಅಲಾಯ್ ಸೀಳಬಹುದು, ಆ ಸೀಳಿನ ಮೇಲೆ ಮನೆಯಲ್ಲಿ ಪಟ್ಟಿ ಮೆತ್ತಿ ಬಣ್ಣ ಬಳಿಯುವುದು ಅಪಾಯ ಬಚ್ಚಿಟ್ಟಂತೆ. ಮೇಲುಗೀರಿಗಷ್ಟೇ ಮನೆಯ ಕೆಲಸ. ಉಕ್ಕಿನದ್ದಾದರೂ ನಟ್ಟಿನ ತೂತಿನ ಸುತ್ತ ಬಿರುಕು ಕಂಡರೆ, ತುಕ್ಕಿನ ಮೇಲೆ ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಲೋಹ ಕುಸಿದರೆ ಬ್ರಷ್ಷು ಕೆಳಗಿಟ್ಟು ತೂಕಕ್ಕೆ ಹಾಕಿಬಿಡಿ.

ಬೆನ್ನಿಗಾಗಲಿ ಮುಖಕ್ಕಾಗಲಿ ಬಣ್ಣ ಎಂದಾಗ ಎರಡು ಜಾಗ ಮಾತ್ರ ಬರಿಮೈಯಾಗಿಯೇ ಇರಬೇಕು: ಹಬ್ಬಿಗೆ ತಾಗುವ ಸಪಾಟು ಭಾಗ, ನಟ್ಟು ಕೂರುವ ಇಳಿಜಾರು ಬಾಯಿ. ಅಲ್ಲಿ ದಪ್ಪ ಬಣ್ಣ ಬಿದ್ದರೆ ಓಡಾಟದಲ್ಲಿ ಅದು ಅರೆದು ತೆಳುವಾಗಿ, ಬಿಗಿ ಮಾಡಿದ ನಟ್ಟು ತಾನಾಗಿ ಸಡಿಲವಾಗುತ್ತದೆ. ಈ ಎರಡು ಕಡೆ ತಂತಿ ಬ್ರಷ್ಷಿನಲ್ಲಿ ತಿಕ್ಕಿ ಬಿಟ್ಟರೆ ಸಾಕು, ಪ್ರೈಮರ್ ಕೂಡ ಬೇಡ. ಕೆಲಸ ಹಿಡಿಯಲು ತಕ್ಕ ಹೊತ್ತು ಹೊಸ ಟೈರ್ ಹಾಕಿಸುವ ಸಂದರ್ಭ: ಟೈರ್ ಬಿಚ್ಚುವ ಕೂಲಿ, ಬ್ಯಾಲೆನ್ಸಿಂಗ್ ಖರ್ಚು ಹೇಗಿದ್ದರೂ ಇದೆ. ಸ್ಟೆಪ್ನಿಯಿಂದ ಶುರು ಮಾಡಿ ಒಂದೊಂದಾಗಿ ಬದಲಿಸುತ್ತ ಹೋದರೆ ಕಾರು ಜ್ಯಾಕಿನ ಮೇಲೆ ನಿಲ್ಲಬೇಕಾದ್ದೂ ಇಲ್ಲ. ನೂರು ಕಿಲೋಮೀಟರ್ ಓಡಿಸುವುದರೊಳಗೆ ಪಾನಾ ಹಿಡಿದು ನಟ್ಟುಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.