ಹಾಡಿದ್ದೆಲ್ಲ ಓದಾಗಲ್ಲ

ನಾನು ಓದಿದ್ದು ಏಳನೇ ಕ್ಲಾಸು. ಹಿಪ್ಪುನೇರಳೆ ತೋಟ ನೋಡಿಕೊಂಡು, ರೇಷ್ಮೆ ಹುಳು ಮೇಯಿಸಿ, ಗೂಡನ್ನ ಹಿಂದೂಪುರದ ಮಾರ್ಕೆಟ್ಟಿಗೆ ಹಾಕಿ, ರಾತ್ರಿ ಹೊತ್ತು ಕೋಲಾಟದ ಪದ, ತತ್ವಪದ ಹಾಡಿಕೊಂಡು ಅರವತ್ತು ದಾಟಿದವನು. ಅಕ್ಷರ ಕಲಿಸೋ ವಿಚಾರದಲ್ಲಿ ನಾನು ಬಾಯಿ ಹಾಕೋದು ಅಧಿಕಪ್ರಸಂಗ ಅನ್ನಿಸಬಹುದು. ಆದರೆ ಕೇಳಿದವರು ಮೇಷ್ಟ್ರುಗಳೇ.

ನಮ್ಮ ಪರಿಗಿ ಕಡೆ ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು. ಮಕ್ಕಳಿಗೆ ಸ್ಕೂಲಲ್ಲಿ ತೆಲುಗು, ಇಂಗ್ಲಿಷು. ಕನ್ನಡ ಓದೋದು ಸಂಜೆ ಹೊತ್ತು ವಾಚನಾಲಯದಲ್ಲಿ. ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಓದು ಕಲಿಸೋಕೆ ಏನು ಕೊಳ್ಳಬೇಕು ಅಂತ ಚರ್ಚೆ ಬಂತು. ಹಿರಿಯರು, ಹಳೇ ಕಾಗುಣಿತವೇ ಸಾಕು ಅಂದರು. ಒಬ್ಬರು, ಕರ್ನಾಟಕದ ನಲಿ-ಕಲಿ ಥರದ ಕಾರ್ಡು ತರಿಸೋಣ ಅಂದರು. ಇನ್ನೊಬ್ಬರು, ಕಾನ್ವೆಂಟುಗಳಲ್ಲಿ ಫೋನಿಕ್ಸ್ ಅಂತ ಹೇಳಿಕೊಡ್ತಾರೆ, ಅದನ್ನೇ ಕನ್ನಡಕ್ಕೂ ಮಾಡೋಣ ಅಂದರು. ಕೊನೆಗೆ ಒಬ್ಬ ಮೇಷ್ಟ್ರು ನನ್ನ ಕಡೆ ತಿರುಗಿ, "ಅಣ್ಣ, ಯಾವುದಾದರೂ ಆಗಲಿ, ನೀವು ಕಾಗುಣಿತಕ್ಕೆ ಒಂದು ಕೋಲಾಟದ ಧಾಟಿ ಹಾಕಿಕೊಡಿ. ಮಕ್ಕಳು ತಾವೇ ಕಲೀತಾರೆ" ಅಂದರು. ನಾನು ಆಗಲ್ಲ ಅಂದೆ. ಯಾಕಂದೆ ಅನ್ನೋದೇ ಈ ಬರಹ.

ಎರಡನೇ ಕ್ಲಾಸಿನಲ್ಲಿ ನಾನು ಕ ಕಾ ಕಿ ಕೀ ಇಂದ ಳಃ ವರೆಗೆ ಒಂದೇ ಉಸಿರಿಗೆ ಅನ್ನೋ ಹಾಗೆ ಹಾಡ್ತಿದ್ದೆ. ಪಾಠಗಳೂ ಅಷ್ಟೇ, ಯಾವ ಮಾತಿಗೆ ಹಾಳೆ ತಿರುವಬೇಕು ಅನ್ನೋದು ಕೂಡ ಬಾಯಿಪಾಠ. ಎಲ್ಲರೂ ಜಾಣ ಅಂದರು. ಮೂರನೇ ಕ್ಲಾಸಿಗೆ ಹೊಸ ಮೇಷ್ಟ್ರು ಬಂದರು. ಪಾಠದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು, ಇದೇನೋ ಅಂದರು. ನಾನು ಮೊದಲಿಂದ ಹಾಡಿಕೊಂಡು ಬಂದೆ. ಆ ಪದ ಬಂದಾಗ ನಿಲ್ಲಿಸಬೇಕಲ್ಲ, ಎಲ್ಲಿ ನಿಲ್ಲಿಸಬೇಕೋ ಗೊತ್ತಾಗಲಿಲ್ಲ. ಎರಡು ವರ್ಷ ನಾನು ಓದೇ ಇರಲಿಲ್ಲ ಅಂತ ಆವತ್ತು ಮೇಷ್ಟ್ರಿಗೂ ತಿಳೀತು, ನನಗೂ ತಿಳೀತು. ನನ್ನ ಕಂಠವೇ ನನ್ನ ಕಣ್ಣು ಕಟ್ಟಿತ್ತು.

ಹಾಗಂತ ಹಳೇ ಪದ್ಧತಿ ದಡ್ಡರದ್ದಲ್ಲ. ನಮ್ಮ ವರ್ಣಮಾಲೆಯ 49 ಅಕ್ಷರ ಬಾಯಲ್ಲಿ ಹುಟ್ಟೋ ಜಾಗದ ಪ್ರಕಾರ ಕೂತಿವೆ. ಕ ವರ್ಗ ಗಂಟಲಲ್ಲಿ, ಪ ವರ್ಗ ತುಟಿಯಲ್ಲಿ. ಕಾಗುಣಿತ ಅಂದರೆ ಒಂದು ವ್ಯಂಜನ ಒಂದೊಂದು ಸ್ವರದ ಜೊತೆ ಸೇರಿ ಹೇಗೆ ಬದಲಾಗುತ್ತೆ ಅನ್ನೋ ಪಟ್ಟಿ. ತಪ್ಪಿರೋದು ಪಟ್ಟಿಯಲ್ಲಲ್ಲ, ಅದನ್ನ ಬರೀ ಹಾಡು ಮಾಡಿದ್ದರಲ್ಲಿ. ಇವತ್ತು ನಮ್ಮ ಮೊಮ್ಮಗನಿಗೆ ಕಿ ಒಂದನ್ನೇ ಬರೆದು ತೋರಿಸಿದರೆ, ಮನಸಲ್ಲೇ ಕ, ಕಾ ಅಂದುಕೊಂಡು ಆಮೇಲೆ ಕಿ ಅಂತಾನೆ. ಪ್ರತಿ ಅಕ್ಷರಕ್ಕೂ ಹೀಗೆ ಮೆಟ್ಟಿಲು ಹತ್ತಿ ಬಂದರೆ ಪದ ಮುಗಿಯೋದು ಯಾವಾಗ?

ಇನ್ನು ಕಾರ್ಡಿನ ವಿಚಾರ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಅದರ ಬೇರು ಇರೋದು ನಮ್ಮ ಆಂಧ್ರದಲ್ಲೇ. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ಸುತ್ತಲ ಹಳ್ಳಿ ಮಕ್ಕಳಿಗೆ ಮಾಡಿದ್ದ ಕಾರ್ಡುಗಳನ್ನ ಅಲ್ಲಿನ ಮೇಷ್ಟ್ರುಗಳು ಬಂದು ನೋಡಿ, ಕನ್ನಡಕ್ಕೆ ಹೊಂದಿಸಿಕೊಂಡರು. 2009-10ರ ಹೊತ್ತಿಗೆ ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅ ಆ ಇ ಈ ಮೊದಲಲ್ಲ. ರ ಗ ಸ ದ ಅ ಮೊದಲು. ಬರೆಯೋಕೆ ಸುಲಭ, ಆಕಾರದಲ್ಲಿ ಒಂದಕ್ಕೊಂದು ಹತ್ತಿರ. ಐದು ಅಕ್ಷರ ಬಂದ ಕೂಡಲೇ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಹುಳು ಮೇಯಿಸೋರಿಗೆ ಇದು ತಕ್ಷಣ ಅರ್ಥವಾಗುತ್ತೆ. ಚಾಕಿ ಹುಳಕ್ಕೆ ಎಳೇ ಎಲೆ ಸಣ್ಣಗೆ ಹೆಚ್ಚಿ ಹಾಕ್ತೀವಿ, ಕಡ್ಡಿ ಸಮೇತ ಹಾಕಲ್ಲ.

ಇಂಗ್ಲಿಷ್ ಫೋನಿಕ್ಸಿನವರೂ ಇದೇ ಜಾಡಲ್ಲಿ ಹೋಗಿದ್ದಾರೆ. ಎ ಬಿ ಸಿ ಡಿ ಬಿಟ್ಟು, ಬೇಗ ಪದ ಹುಟ್ಟಿಸೋ ಎಸ್, ಎ, ಟಿ, ಐ, ಪಿ, ಎನ್ ಇಂದ ಶುರು ಮಾಡೋ ಪದ್ಧತಿ ಅವರಲ್ಲಿದೆ. ಆದರೆ ಅವರ ಕಷ್ಟ ಬೇರೆ. 26 ಅಕ್ಷರ, ಸುಮಾರು 44 ಧ್ವನಿ. ಅಕ್ಷರದ ಹೆಸರು ಒಂದು, ಅದು ನುಡಿಯೋದು ಇನ್ನೊಂದು. ನಮ್ಮಲ್ಲಿ ಗ ಅಂದರೆ ಗ, ಹೆಸರೂ ಅದೇ, ಸದ್ದೂ ಅದೇ. ನಮ್ಮ ತೊಡಕು ಗುಣಿತದ್ದು, ಒತ್ತಕ್ಷರದ್ದು. ಸೂರ್ಯ ಅಂತ ಬರೆದು ನೋಡಿ. ಬಾಯಲ್ಲಿ ಮೊದಲು ಬರೋ ರ್, ಹಾಳೆಯ ಮೇಲೆ ಯ ಆದ ಮೇಲೆ ಕೂರುತ್ತೆ. ಇಂಗ್ಲಿಷಿನ ಪೆಟ್ಟಿಗೆಯನ್ನ ಹಾಗೇ ತಂದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟ ಹಾಗೆ, ಇರೋ ರೋಗ ಹಾಗೇ ಉಳಿಯುತ್ತೆ.

ಕಾರ್ಡಿನ ಮೇಲೂ ನನಗೆ ಎರಡು ತಕರಾರಿದೆ. ಮೊದಲನೇದು ಚಿತ್ರ. ಅರಸ ಅಂತ ಬರೆದು ಮೇಲೆ ಕಿರೀಟದವನ ಚಿತ್ರ ಹಾಕಿದರೆ, ಮಗು ಚಿತ್ರ ನೋಡಿ ರಾಜ ಅನ್ನುತ್ತೆ. ಅದು ಓದಿದ್ದಲ್ಲ, ಊಹಿಸಿದ್ದು. ಗಡಿಯಲ್ಲಿ ಇನ್ನೂ ಫಜೀತಿ. ಇ ಅಕ್ಷರಕ್ಕೆ ಇಲಿ ಚಿತ್ರ ತೋರಿಸಿದರೆ ತೆಲುಗು ಮನೆಯ ಮಗುವಿಗೆ ಅದು ಎಲುಕ, ಎ ಅಂತ ಹಿಡಿದುಕೊಳ್ಳುತ್ತೆ. ಆನೆ ಏನುಗು ಆಗುತ್ತೆ. ಕನ್ನಡದವರಾದರೂ ನಾವೇನು ಕಮ್ಮಿ? ಮಾತಲ್ಲಿ ಹ ನುಂಗಿ ಹಾವನ್ನ ಆವು ಅಂತೀವಿ. ತೆಲುಗಲ್ಲಿ ಆವು ಅಂದರೆ ಹಸು. ಹೀಗಿರೋವಾಗ ಚಿತ್ರವನ್ನ ನಂಬಿ ಅಕ್ಷರ ಕಲಿಸೋದು ಹೇಗೆ?

ಎರಡನೇದು ಒತ್ತಕ್ಷರ. ಮಗುವಿಗೆ ಹತ್ತಿರದ ಮಾತು ಯಾವುವು? ಅಮ್ಮ, ಅಪ್ಪ, ಅಕ್ಕ, ಅಜ್ಜಿ. ಎಲ್ಲದರಲ್ಲೂ ಒತ್ತು. ಗರಗಸ ಓದೋ ಮಗು ಅಮ್ಮ ಓದೋಕೆ ಎಷ್ಟೋ ತಿಂಗಳು ಕಾಯಬೇಕು. ಈ ನಾಲ್ಕು ಪದಗಳನ್ನಾದರೂ ಮೊದಲೇ ಇಡಿಯಾಗಿ ಗುರುತು ಹಿಡಿಸಿ, ಒತ್ತಿನ ಲೆಕ್ಕ ಆಮೇಲೆ ಹೇಳಬಹುದು ಅಂತ ನನ್ನ ಅನಿಸಿಕೆ.

ಹಾಗಾದರೆ ಮಗು ಓದ್ತಾ ಇದೆ ಅಂತ ತಿಳಿಯೋದು ಹೇಗೆ? ಒಬ್ಬ ಮೇಷ್ಟ್ರು ಒಂದು ಸಂಗತಿ ಹೇಳಿದರು. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ವರ್ಷದ ಮಕ್ಕಳಿಗೆ 40 ಪದ ಓದಿಸಿ ನೋಡ್ತಾರಂತೆ. ಅದರಲ್ಲಿ 20 ಪದಕ್ಕೆ ಅರ್ಥವೇ ಇಲ್ಲ! ಅರ್ಥವಿದ್ದರೆ ಊಹೆ, ಕೇಳಿದ್ದಾದರೆ ನೆನಪು. ಎರಡೂ ಇಲ್ಲದ ಪದವನ್ನ ಅಕ್ಷರ ನೋಡೇ ಓದಬೇಕು. ನಾವೂ ಒಂದು ಸಂಜೆ ಸ್ಲೇಟಿನ ಮೇಲೆ ದಸಗ, ಗಸರ ಅಂತ ಬರೆದೆವು. ಎಲ್ಲರಿಗಿಂತ ಜೋರಾಗಿ ಕಾಗುಣಿತ ಹಾಡೋ ಹುಡುಗ ಸುಮ್ಮನೆ ನಿಂತ. ಮೂಲೆಯಲ್ಲಿ ಕೂತು ಯಾವತ್ತೂ ಬಾಯಿ ಬಿಡದ ಹುಡುಗಿ ಬೆರಳಿಟ್ಟು, ದ... ಸ... ಗ, ದಸಗ ಅಂದಳು. "ತಾತ, ಹಂಗಂದ್ರೇನು?" ಅಂತ ಕೇಳಿದಳು. ಏನೂ ಇಲ್ಲವ್ವ, ನಿನಗೆ ಓದು ಬಂತು ಅಂತ ಅರ್ಥ ಅಂದೆ. ಆ ಹುಡುಗನನ್ನ ನೋಡಿದಾಗ ನನ್ನ ಮೂರನೇ ಕ್ಲಾಸು ನೆನಪಾಯ್ತು.

ಹಾಡು ಬೇಡ ಅಂತ ನಾನಂದೇನಾ? ಹೊಟ್ಟೆ ಮೇಲೆ ನಾನೇ ಹೊಡಕೊಂಡೇನಾ? ಹಾಡಿನ ಕೆಲಸ ಕಿವಿಯದ್ದು, ಅಷ್ಟೇ. ಗರಗಸ ಅಂದರೆ ನಾಲ್ಕು ಕೋಲಿನ ಪೆಟ್ಟು, ಸರ ಅಂದರೆ ಎರಡು. ಮರ ಅಂದವನಿಗೆ ಬರ, ದರ, ಸರ ಅಂತ ಪ್ರಾಸ ಹುಡುಕೋ ಆಟ. ಪದವನ್ನ ಬಿಡಿಸಿ ಕೇಳೋ ಕಿವಿ ಇದರಿಂದ ಬರುತ್ತೆ. ಇದಕ್ಕೆ ಎಷ್ಟು ಧಾಟಿ ಬೇಕಾದರೂ ಹಾಕಿಕೊಡ್ತೀನಿ. ಆದರೆ ಪುಸ್ತಕ ತೆರೆದಾಗ ಹಾಡು ನಿಲ್ಲಬೇಕು, ಬೆರಳು ನಡೀಬೇಕು.

ಆದ್ದರಿಂದ ವಾಚನಾಲಯದವರಿಗೆ ನನ್ನ ಮಾತು ಇಷ್ಟೇ. ರ ಗ ಸ ದ ಅ ಕ್ರಮವನ್ನೇ ಹಿಡಿಯಿರಿ. ಕಾರ್ಡನ್ನ ದುಡ್ಡು ಕೊಟ್ಟು ತರಬೇಕಿಲ್ಲ, ರಟ್ಟಿನ ಮೇಲೆ ನಾವೇ ಬರೆಯೋಣ. ಪದ ಒಂದು ಕಡೆ, ಚಿತ್ರ ಹಿಂದುಗಡೆ. ಮಗು ಮೊದಲು ಓದಲಿ, ಆಮೇಲೆ ತಿರುವಿ ನೋಡಲಿ. ಕಾಗುಣಿತವನ್ನ ಸಾಲಾಗಿ ಹೇಳಿಸಿ, ಹಿಂದೆಯೇ ಕಲಸಿ ಕೇಳಿ. ವಾರಕ್ಕೊಮ್ಮೆ ಕೇಳದ ಪದ ಓದಿಸಿ. ಉಳಿದ ದುಡ್ಡಿಗೆ ಸಣ್ಣ ಕಥೆ ಪುಸ್ತಕ ತನ್ನಿ. ಅಕ್ಷರ ಕಲಿತ ಮಗುವಿಗೆ ಓದೋಕೆ ಏನೂ ಇಲ್ಲದಿದ್ದರೆ ಕಲಿತದ್ದು ವ್ಯರ್ಥ.

ಕೊನೆಗೊಂದು ಮಾತು. ಕೈವಾರ ತಾತಯ್ಯನವರು ತೆಲುಗಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಅಂಥ ಪದಗಳನ್ನ ನಾನು ಕಲಿತಿದ್ದೆಲ್ಲ ಕಿವಿಯಿಂದ. ಒಂದು ಪದದಲ್ಲಿ ಒಂದು ಮಾತನ್ನ ಮೂವತ್ತು ವರ್ಷ ತಪ್ಪಾಗಿ ಹಾಡಿಕೊಂಡು ಬಂದಿದ್ದೆ. ಅಚ್ಚಾದ ಪುಸ್ತಕ ಕೈಗೆ ಸಿಕ್ಕಿ, ಬೆರಳಿಟ್ಟು ಕೂಡಿಸಿ ಓದಿದ ದಿನ ಗೊತ್ತಾಯ್ತು. ಆ ಮೂರನೇ ಕ್ಲಾಸಿನ ಮೇಷ್ಟ್ರು ಬೆರಳಿಡದೇ ಇದ್ದಿದ್ದರೆ ಸಾಯೋ ತನಕ ಹಾಗೇ ಹಾಡ್ತಿದ್ದೆ.