ಕುದುರೆಯ ಹಿಂದೆ ಹೊರಟ ವೀರರು

ತಂತಮ್ಮ ಕಥೆಗಳಲ್ಲಿ ಆಗಲೇ ನಾಯಕರೆನಿಸಿ, ತಂತಮ್ಮ ಭಕ್ತರನ್ನು ಸಂಪಾದಿಸಿಕೊಂಡು, ಯಾರಿಗೂ ಎರಡನೆಯವರಾಗಿ ನಿಂತು ಅಭ್ಯಾಸವಿಲ್ಲದ ಹತ್ತಾರು ಮಂದಿ ವೀರರನ್ನು ಒಂದೇ ಕಥೆಯೊಳಗೆ ಕೂಡಿಸಿ, ಒಬ್ಬನ ತೇಜಸ್ಸು ಮತ್ತೊಬ್ಬನದನ್ನು ನುಂಗದಂತೆ ನಡೆಸಿಕೊಂಡು ಹೋಗುವುದು ಕವಿಕರ್ಮದ ಕಠಿನ ಪರೀಕ್ಷೆಗಳಲ್ಲಿ ಒಂದು. ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಈ ಪರೀಕ್ಷೆಗೆ ಕುಳಿತದ್ದು 1940ರಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ನ ಮೂರನೆಯ ಸಂಚಿಕೆಯಲ್ಲಿ ಜಸ್ಟಿಸ್ ಸೊಸೈಟಿಯೆಂಬ ಕೂಟವನ್ನು ಕಟ್ಟಿದಾಗ. ನರಗುಂದದ ಸೀಮೆಯಲ್ಲಿ, ಶಿರೋಳದ ಸುತ್ತಿನ ಎರೆನೆಲದ ಹಳ್ಳಿಗಳಲ್ಲಿ, ಅಟ್ಟ ಹಾಕಿ ದೊಡ್ಡಾಟ ಆಡಿದ ಜನ ಅದಕ್ಕೆ ಬಹು ಮೊದಲೇ ಕುಳಿತಿದ್ದರು.

ದೊಡ್ಡಾಟವನ್ನು ಕಂಡವರು ಬಲ್ಲರು: ರಂಗಕ್ಕೆ ಬಂದ ಒಬ್ಬೊಬ್ಬ ರಾಜನನ್ನೂ ಸಾರಥಿಯು ತಡೆದು, ನೀನಾರು, ಯಾವ ಪಟ್ಟಣಕ್ಕೆ ಒಡೆಯ, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ, ಕಿರೀಟ ಭುಜಕೀರ್ತಿಗಳ ಭಾರವನ್ನು ಹೊತ್ತ ವೇಷಧಾರಿಯು ಕುಣಿತದ ನಡುವೆ ತನ್ನ ಕುಲವನ್ನೂ ಪೌರುಷವನ್ನೂ ಸವಿಸ್ತಾರವಾಗಿ ಬಣ್ಣಿಸಿಕೊಳ್ಳುತ್ತಾನೆ. ಹತ್ತು ಪಾತ್ರಗಳಿದ್ದರೆ ಹತ್ತು ಸಲವೂ ಇದೇ ನಡೆಯತಕ್ಕದ್ದು. ನಡುರಾತ್ರಿ ಕಳೆದರೂ ಕಾಳಗಕ್ಕೆ ಮೊದಲಾಗದಿರುವುದುಂಟು. ಇದನ್ನು ಜಡತೆಯೆಂದು ಹಳಿಯುವ ಮುನ್ನ ಅದರ ಹಿಂದಿರುವ ವ್ಯವಹಾರವನ್ನು ನೋಡಬೇಕು. ಅಲ್ಲಿ ಕುಣಿಯುವವರು ವೃತ್ತಿಯ ನಟರಲ್ಲ, ಊರ ಒಕ್ಕಲುಮಕ್ಕಳು. ತಿಂಗಳುಗಟ್ಟಲೆ ಮಾಸ್ತರನಿಂದ ಹೆಜ್ಜೆಯನ್ನೂ ಮಾತನ್ನೂ ಕಲಿತು, ಖರ್ಚಿನಲ್ಲಿ ತಮ್ಮ ಪಾಲನ್ನು ತೆತ್ತು ವೇಷ ಕಟ್ಟುವವರು. ಬೀಗರು ಬಿಜ್ಜರೆಲ್ಲ ಅಟ್ಟದ ಮುಂದೆ ಕುಳಿತಿರುವಾಗ, ನೀಲಧ್ವಜನ ವೇಷದವನಿಗೆ ಅರ್ಜುನನ ವೇಷದವನಿಗಿಂತ ಎರಡು ಪದ ಕಡಮೆಯೆಂದು ಹೇಳುವ ಧೈರ್ಯ ಯಾವ ಮಾಸ್ತರನಿಗೆ ಬಂದೀತು! ಕಾಮಿಕ್ಸ್ ಸಂಪಾದಕನ ಸಂಕಟವೂ ಇಂಥದೇ: ಒಬ್ಬೊಬ್ಬ ವೀರನ ಹಿಂದೆಯೂ ಕಾಸು ಕೊಡುವ ಓದುಗನಿದ್ದಾನೆ, ಅವನಿಗೆ ತನ್ನ ವೀರ ಒಂದು ಪುಟದಲ್ಲಾದರೂ ಗೆದ್ದು ಕಾಣಿಸಬೇಕು.

ಪಾತ್ರಗಳ ಗುಂಪು ಬೆಳೆಯುವುದಕ್ಕೆ ಲೌಕಿಕ ಕಾರಣವುಂಟೆಂದ ಮಾತ್ರಕ್ಕೆ ಕೃತಿ ಹೀನವಾಗುವುದಿಲ್ಲ. ಆದರೆ ಇಂಥ ಕೃತಿಯನ್ನು ತೂಗುವಾಗ ಎಷ್ಟು ಮಂದಿ ಬಂದರು, ಯಾರು ಯಾರನ್ನು ಕೆಡಹಿದರು ಎಂದು ಲೆಕ್ಕ ಹಾಕುವುದು ವ್ಯರ್ಥ. ಒಬ್ಬನು ಕೂಟದಲ್ಲಿರುವುದರಿಂದ ಮತ್ತೊಬ್ಬನ ಧರ್ಮಕ್ಕೆ ಏನಾದರೂ ತೊಡಕು ಬಂದಿತೆ ಎಂದು ಮಾತ್ರ ನಾನು ಕೇಳುತ್ತೇನೆ.

ಈ ದೃಷ್ಟಿಯಿಂದ ನೋಡಿದರೆ ದೊಡ್ಡಾಟದ ಕವಿಗಳಿಗೆ ಅತ್ಯಂತ ದೊಡ್ಡ ಬಂಡವಾಳವಾದುದು ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’. ಮೂವತ್ತನಾಲ್ಕು ಸಂಧಿಗಳ ಆ ವಾರ್ಧಕ ಷಟ್ಪದಿಯ ಕಾವ್ಯದಲ್ಲಿ ಅಶ್ವಮೇಧದ ಕುದುರೆಯೊಂದು ಮುಂದೆ ನಡೆಯುತ್ತದೆ, ಅರ್ಜುನನ ದಂಡು ಹಿಂದೆ ನಡೆಯುತ್ತದೆ. ಕುದುರೆಯನ್ನು ಕಟ್ಟಿದವನೊಡನೆ ಕಾದಾಟ, ಕಾದಾಟದ ಕಡೆಗೆ ಕೂಟ. ಯೌವನಾಶ್ವ, ಅನುಸಾಲ್ವ, ನೀಲಧ್ವಜ, ಹಂಸಧ್ವಜ ಎಲ್ಲರೂ ಕಾದಾಡಿ ಆಮೇಲೆ ಬಂದು ಸೇರಿದವರೇ. ಸೂಪರ್‌ಹೀರೋಗಳು ಮೊದಲು ತಪ್ಪು ತಿಳಿದು ಬಡಿದಾಡಿ ಆಮೇಲೆ ಕೈ ಕುಲುಕುವರಲ್ಲ, ಆ ಕಟ್ಟಳೆಗೆ ಇದಕ್ಕಿಂತ ಅಚ್ಚುಕಟ್ಟಾದ ಮಾದರಿ ದುರ್ಲಭ. ಹೀಗೆ ಸೇರಿದವರಲ್ಲಿ ಹಲವರು ಆಮೇಲೆ ಹೆಸರಿನ ಪಟ್ಟಿಯೊಳಗೆ ಕರಗುವರೆಂಬುದು ಕಾವ್ಯದ ದೋಷವೇ ಸರಿ. ಲಕ್ಷ್ಮೀಶನ ನಾದಲೋಲತೆ ಅದನ್ನು ಮುಚ್ಚುತ್ತದೆ, ನೀಗಿಸುವುದಿಲ್ಲ. ಆದರೆ ಅದೇ ದಂಡಿನಲ್ಲಿ ವೃಷಕೇತುವಿದ್ದಾನೆ. ಅವನು ಕರ್ಣನ ಮಗ. ತಂದೆಯನ್ನು ಕೊಂದವನ ಪಕ್ಕದಲ್ಲಿ ನಿಂತು, ಆ ಕೊಂದವನ ಮಗನಾದ ಬಭ್ರುವಾಹನನ ಕೈಯಿಂದ ಮಣಿಪುರದಲ್ಲಿ ಮಡಿಯುತ್ತಾನೆ. ಅವನು ಸುಮ್ಮನೆ ನಿಂತಿದ್ದರೂ ಅರ್ಜುನನಿಗೆ ಕುರುಕ್ಷೇತ್ರವು ಮುಗಿದಂತಾಗುವುದಿಲ್ಲ.

ಹಂಸಧ್ವಜನ ಪಟ್ಟಣವಾದ ಚಂಪಕಾಪುರದ ಯುದ್ಧವಂತೂ ಬೇರೆಯ ಎತ್ತರದ್ದು. ಮೂರು ಬಾಣಗಳಲ್ಲಿ ಹಂಸಧ್ವಜನ ಮಗನಾದ ಸುಧನ್ವನ ತಲೆಯನ್ನು ತೆಗೆಯುವೆನೆಂದು ಅರ್ಜುನನ ಪ್ರತಿಜ್ಞೆ; ಆ ಮೂರನ್ನೂ ಕಡಿಯುವೆನೆಂದು ಸುಧನ್ವನ ಪ್ರತಿಜ್ಞೆ. ಸುಧನ್ವ ಕೃಷ್ಣನ ಭಕ್ತ, ಅರ್ಜುನ ಕೃಷ್ಣನ ಸಖ. ಮೂರನೆಯ ಬಾಣವೂ ತುಂಡಾಗುತ್ತದೆ, ತುಂಡಾದ ಬಾಣದ ಮುಂಭಾಗವೇ ಹಾರಿ ತಲೆಯನ್ನು ಕೊಯ್ಯುತ್ತದೆ. ಇಬ್ಬರ ನುಡಿಯೂ ಉಳಿಯಿತು. ಬಲವಂತನು ಯಾರೆಂಬ ಪ್ರಶ್ನೆ ಮಾತ್ರ ಅಪ್ರಸ್ತುತವಾಗಿ ಹೋಯಿತು. ಕೃಷ್ಣಾರ್ಜುನರ ಕಾಳಗದ ಪ್ರಸಂಗದಲ್ಲಿಯೂ ಅಷ್ಟೆ: ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಕೃಷ್ಣನು ಆಡಿದ ಮಾತಿಗೂ ಅವನನ್ನು ಕಾಯುವೆನೆಂದು ಪಾರ್ಥನು ಕೊಟ್ಟ ಅಭಯಕ್ಕೂ ನಡುವೆ ಸುಭದ್ರೆ ಸಿಕ್ಕಿಕೊಂಡಿದ್ದಾಳೆ, ಅಣ್ಣನೊಂದು ಕಡೆ, ಗಂಡನೊಂದು ಕಡೆ. ಅಟ್ಟದ ಮುಂದಿನ ಹೆಂಗಸರಿಗೆ ಆಟವೆಂದರೆ ಅವಳದೇ.

ಇದೇ ಒರೆಗಲ್ಲಿಗೆ, ಬೇರೆ ಬೇರೆ ಪ್ರಕಾಶಕರ ಎರಡು ವೀರಕೂಟಗಳನ್ನು ಒಂದೇ ಕಥೆಗೆ ತಂದು 2003–04ರಲ್ಲಿ ನಾಲ್ಕು ಸಂಚಿಕೆಗಳಾಗಿ ಬಂದ ‘ಜೆಎಲ್‌ಎ/ಅವೆಂಜರ್ಸ್’ ಎಂಬ ಕಾಮಿಕ್ಸನ್ನು ತಿಕ್ಕಿ ನೋಡುವುದು ಅನ್ಯಾಯವಾಗಲಾರದು. ಕರ್ಟ್ ಬ್ಯೂಸಿಕ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ ಈ ಕೃತಿ, ಎಂಬತ್ತರ ದಶಕದಲ್ಲಿ ಎರಡು ಸಂಸ್ಥೆಗಳ ಸಂಪಾದಕರ ಮನಸ್ತಾಪದಿಂದ ನಿಂತುಹೋದ ಯೋಜನೆಯೊಂದರ ಪುನರ್ಜನ್ಮ. ಮೂರನೆಯ ಸಂಚಿಕೆಯ ಮುಖಪುಟದಲ್ಲಿ ಎರಡೂ ಕೂಟಗಳ ಸದಸ್ಯರೆಲ್ಲರನ್ನೂ ಪೆರೆಜ್ ತುಂಬಿದ್ದಾರೆ. ಆ ಪರಿಶ್ರಮಕ್ಕೆ ತಲೆಬಾಗಬೇಕು, ಆದರೆ ಅದು ಸಾರಥಿಯಿಲ್ಲದ ಒಡ್ಡೋಲಗ, ಎಲ್ಲರೂ ಇದ್ದಾರೆ, ಯಾರನ್ನೂ ಯಾರೂ ಮಾತನಾಡಿಸುವುದಿಲ್ಲ. ಸೂಪರ್‌ಮ್ಯಾನನು ಥಾರನನ್ನು ಕೆಡಹುವ ಪ್ರಸಂಗ ಅಭಿಮಾನಿಗಳ ಪಂದ್ಯವನ್ನು ತೀರಿಸುತ್ತದೆ; ಗೆದ್ದವನಾಗಲಿ ಸೋತವನಾಗಲಿ ಅದರಿಂದ ಬೇರೊಬ್ಬನಾಗಲಿಲ್ಲ. ಬ್ಯಾಟ್‌ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ನಾಲ್ಕು ಪಟ್ಟು ಹಾಕಿ, ಒಬ್ಬರ ಯೋಗ್ಯತೆಯನ್ನೊಬ್ಬರು ಅರಿತು ಕಾದಾಟವನ್ನು ನಿಲ್ಲಿಸುವ ಚಿಕ್ಕ ದೃಶ್ಯ ಅದಕ್ಕಿಂತ ಎಷ್ಟೋ ಮೇಲು.

ಕೊನೆಯ ಸಂಚಿಕೆಯಲ್ಲಿ ಮಾತ್ರ ಬ್ಯೂಸಿಕ್ ನಿಜವಾದ ಕವಿಯಾಗುತ್ತಾರೆ. ಒಂದರೊಳಗೊಂದು ಬೆರೆತುಹೋದ ಲೋಕಗಳನ್ನು ಮರಳಿ ಬೇರ್ಪಡಿಸಿದರೆ ತಂತಮ್ಮ ಬಾಳಿನಲ್ಲಿ ಬರಲಿರುವ ಮರಣ, ಪತನ, ಸಂತಾನನಾಶಗಳನ್ನೆಲ್ಲ ವೀರರು ಮುಂಚಿತವಾಗಿ ಕಣ್ಣಾರೆ ಕಾಣುತ್ತಾರೆ. ಕಂಡ ಮೇಲೆಯೂ ಅದೇ ಆಗಲೆಂದು ಹೊರಡುತ್ತಾರೆ. ಫ್ಲ್ಯಾಶ್ ಎಂಬ ಬ್ಯಾರಿ ಅಲೆನ್ ತನ್ನ ಸಾವನ್ನೇ ನೋಡಿದವನು. ಅವನು ಹೊರಟದ್ದರಿಂದ ಉಳಿದವರಿಗೆ ಹಿಂದೆಗೆಯುವ ದಾರಿ ಮುಚ್ಚಿತು. ಮುಂದೆ ಬರುವ ಮಹಾಯುದ್ಧದಲ್ಲಿ ಸೂಪರ್‌ಮ್ಯಾನನು ಥಾರನ ಸುತ್ತಿಗೆಯನ್ನೂ ಕ್ಯಾಪ್ಟನ್ನನ ಗುರಾಣಿಯನ್ನೂ ಒಟ್ಟಿಗೆ ಹಿಡಿದು ನಿಲ್ಲುವ ಚಿತ್ರವನ್ನು ಜನ ಹೆಚ್ಚಾಗಿ ನೆನೆಯುವರು. ನನಗೆ ಅದಕ್ಕಿಂತ, ಯುದ್ಧ ಮುಗಿದ ಮೇಲೆ ಆ ಸುತ್ತಿಗೆಯನ್ನು ಅವನು ಮತ್ತೆ ಎತ್ತಲಾರದೆ ಹೋದದ್ದೂ, ಅದಕ್ಕೆ ಮೊದಲು ತನ್ನ ಸಾವನ್ನು ಕಂಡೂ ಬ್ಯಾರಿಯು ಸಾಲಿನಲ್ಲಿ ಸೇರಿದ್ದೂ ಹೆಚ್ಚಿನವಾಗಿ ತೋರುತ್ತವೆ. ಚಂಪಕಾಪುರದ ಕಣಕ್ಕೆ ಈ ಕಾಮಿಕ್ಸು ಸಮೀಪಿಸಿದ್ದು ಆ ಕೆಲವೇ ಪುಟಗಳಲ್ಲಿ.