ಆಟೋ ಹಿಂದಿನ ಶಂಕರ್‌ನಾಗ್

ಬೆಂಗಳೂರಿನ ಆಟೋದವರೆಂದರೆ ಮಡಿಕೇರಿಯಲ್ಲಿ ನಾವು ಹೆಂಗಸರು ಮೂಗು ಮುರಿಯುತ್ತೇವೆ. ಕಳೆದ ಬಾರಿ ಅಲ್ಲಿ ಬಸ್ಸಿಳಿದಾಗ ಒಬ್ಬ ಮೀಟರ್ ಹಾಕಲು ಒಪ್ಪಲೇ ಇಲ್ಲ. ಅವನ ಗಾಡಿಯ ಹಿಂದೆಯೂ ಶಂಕರ್‌ನಾಗ್ ನಗುತ್ತಿದ್ದರು!

1980ರ ‘ಆಟೋ ರಾಜ’ ಚಿತ್ರದ ನಾಯಕ ಅತಿಯಾಗಿ ಒಳ್ಳೆಯವನೆಂಬುದು ನನ್ನ ಹಳೆಯ ತಕರಾರು. ಆದರೆ 1990ರಲ್ಲಿ ಶಂಕರ್‌ನಾಗ್ ತೀರಿಕೊಂಡ ಮೇಲೂ ಆ ಪಟವನ್ನು ಬಿಡದೆ ಅಂಟಿಸಿಕೊಂಡವರು ಡ್ರೈವರುಗಳೇ. ತಾವು ಹೇಗಿರಬೇಕೆಂದು ಅವರಿಗೆ ಗೊತ್ತು.

ಮುಂದಿನ ಆಟೋದವನು ಮಾತಿಲ್ಲದೆ ಮೀಟರ್ ಹಾಕಿದ. ಚಿಲ್ಲರೆಯನ್ನೂ ಎಣಿಸಿ ಕೊಟ್ಟ. ನಮ್ಮೂರಿನವನಾದರೆ ಮೋಸ ಮಾಡಿ ಶುಕ್ರವಾರದ ಸಂತೆಯಲ್ಲಿ ನನಗೆ ಮುಖ ತೋರಿಸಬೇಕು. ಇವನಿಗೆ ನಾನು ಮತ್ತೆಂದೂ ಸಿಗುವವಳಲ್ಲ. ಆದರೂ ನ್ಯಾಯವಾಗಿ ನಡೆದುಕೊಂಡ.

ಊರಿಗೆ ಬಂದು ನಾನು ಹೇಳಿದ್ದು ಮಾತ್ರ ಮೊದಲನೆಯವನ ಕಥೆಯನ್ನೇ. ಅವರ ಕೆಟ್ಟ ಹೆಸರಿಗೆ ಅವರಷ್ಟೇ ನಾವೂ ಕಾರಣ.